ಯಾರದೂ ಅಲ್ಲದ ಹಳದಿ ಚುಕ್ಕೆ

ಯಾಲೊಸ್ ಬಂದರಿನ ಕಾಫಿ ಅಂಗಡಿಗಳಲ್ಲಿ ಕಳೆದ ಬೇಸಿಗೆಯಿಂದ ಒಂದು ಸುದ್ದಿ ಓಡಾಡುತ್ತಿದೆ. ಪ್ರಾಥಮಿಕ ಶಾಲೆಯ ಎವ್ದೊಕಿಯಾಗೆ ತಲೆ ಕೆಟ್ಟು, ಮಕ್ಕಳ ಟ್ಯಾಬ್ಲೆಟ್‌ಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ತಂದು, ಹಡಗುಕಟ್ಟೆಯ ಮೇಲೆ ನಿಂತು ಒಂದೊಂದಾಗಿ ಸಮುದ್ರಕ್ಕೆ ಎಸೆದಳಂತೆ. ಹೇಳುವವರ ಮೇಜು ಬದಲಾದಂತೆ ಟ್ಯಾಬ್ಲೆಟ್‌ಗಳ ಸಂಖ್ಯೆಯೂ ಬದಲಾಗುತ್ತದೆ. ಪಗಡೆ ಆಡುವ ಮುದುಕರ ಮೇಜಿನಲ್ಲಿ ಅದು ನಾಲ್ಕೈದು. ಪ್ರವಾಸಿಗರ ಮುಂದೆ ಕೂತ ಮೀನುಗಾರರ ಬಾಯಲ್ಲಿ ಶಾಲೆಗೆ ಶಾಲೆಯೇ ನೀರುಪಾಲು. ಬಂದರಿನ ಆಕ್ಟೋಪಸ್‌ಗಳು ಈಗ ಎಂಟು ಕೈಯಲ್ಲೂ ಗುಣಾಕಾರ ಮಾಡುತ್ತಿವೆ ಎಂಬಲ್ಲಿಗೆ ಕತೆ ಮುಗಿಯುತ್ತದೆ.

ನಡೆದದ್ದು ಹಾಗಲ್ಲ. ಎಸೆದದ್ದು ಒಂದೇ ಟ್ಯಾಬ್ಲೆಟ್. ಅದು ಸಮುದ್ರಕ್ಕೆ ಬೀಳಲಿಲ್ಲ. ಹಿಡಿಯಬೇಕಾದವನ ಎದೆಗೇ ಹೋಗಿ ತಗುಲಿತು. ನೀರಿಗೆ ಬಿದ್ದದ್ದು ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟ, ಅದರ ತುಂಬ ಇದ್ದ ತಣ್ಣನೆಯ ಕಾಫಿ. ಇನ್ನು ತಲೆ ಕೆಟ್ಟಿತ್ತೆಂಬ ಮಾತನ್ನು ಎವ್ದೊಕಿಯಾ ಕೂಡ ಅಲ್ಲಗಳೆಯುವುದಿಲ್ಲ. ಕೆಟ್ಟದ್ದು ಆ ದಿನವಲ್ಲ, ಅದಕ್ಕೆ ಎಷ್ಟೋ ತಿಂಗಳು ಮೊದಲೇ ಎಂದಷ್ಟೇ ತಿದ್ದುತ್ತಾಳೆ.

ಎವ್ದೊಕಿಯಾ ಇದೇ ದ್ವೀಪದ ಹೆಣ್ಣು. ಓದು ಮುಗಿಸಿದ ಮೇಲೆ ಬಹಳ ವರ್ಷ ಬದಲಿ ಶಿಕ್ಷಕಿಯಾಗಿ ದೇಶ ಸುತ್ತಿದಳು. ಬೇಸಿಗೆಯ ಕೊನೆಯಲ್ಲಿ ನೇಮಕದ ಸುದ್ದಿ ಬರುವುದು, ಬಂದ ಕೂಡಲೇ ಪೆಟ್ಟಿಗೆ ಕಟ್ಟುವುದು. ಒಂದು ವರ್ಷ ಥ್ರೇಸಿನ ಗಡಿಹಳ್ಳಿ, ಮರುವರ್ಷ ಕ್ರೀಟಿನ ಬೆಟ್ಟ, ಅದರ ಮರುವರ್ಷ ಚಳಿಗಾಲದಲ್ಲಿ ಹಡಗೇ ಬಾರದ ಇನ್ಯಾವುದೋ ದ್ವೀಪ. ಬಾಡಿಗೆ ಕೋಣೆಯ ಒಲೆಯ ಸ್ವಭಾವ ಅರ್ಥವಾಗುವಷ್ಟರಲ್ಲಿ ಜೂನ್ ಬಂದಿರುತ್ತಿತ್ತು. ಕಾಯಂ ಹುದ್ದೆ ಸಿಕ್ಕಿ ಊರಿಗೆ ಮರಳುವ ಹೊತ್ತಿಗೆ ಅವಳ ಕೂದಲು ನರೆತಿತ್ತು, ತಾಳ್ಮೆ ಸವೆದಿತ್ತು. ಒಂದು ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಒಂದು ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿದ್ದರೆ ಅಲ್ಲಿ ನಡೆಯಬೇಕಾದದ್ದು ಹದಿನಾಲ್ಕು ಪಾಠ ಎಂಬ ನಂಬಿಕೆ. ಒಬ್ಬಳೇ ಹೆಂಗಸು ಒಂದೇ ಗಂಟಲಿನಿಂದ ಅದನ್ನು ನಡೆಸುವುದು ಹೇಗೆಂಬುದು ಬಗೆಹರಿದಿರಲಿಲ್ಲ.

ಆದ್ದರಿಂದಲೇ, ಪಿಕ್ಸಿದಾ ಎಂಬ ಹೊಸ ವ್ಯವಸ್ಥೆಯನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲು ಯಾವ ಶಾಲೆ ಸಿದ್ಧವಿದೆ ಎಂದು ಅಥೆನ್ಸಿನಿಂದ ವಿಚಾರಣೆ ಬಂದಾಗ ಮೊದಲು ಕೈಯೆತ್ತಿದವಳು ಅವಳೇ. ಹೆಡ್‌ಮಾಸ್ತರ್ ಅರಿಸ್ತಿದಿಸ್‌ಗೆ ಅದು ಬೇಡವಾಗಿತ್ತು. ನಿವೃತ್ತಿ ಹತ್ತಿರವಾದ ಅವರಿಗೆ ಶಾಲೆಯ ಗಂಟೆಯೊಂದು ಬಿಟ್ಟರೆ ಬೇರಾವ ಯಂತ್ರದ ಮೇಲೂ ವಿಶ್ವಾಸವಿರಲಿಲ್ಲ. ಎವ್ದೊಕಿಯಾ ಬೆನ್ನು ಬಿಡದೆ ಒಪ್ಪಿಸಿದಳು. ಮುಂದೆ ನಡೆದದ್ದೆಲ್ಲವನ್ನೂ ತಾನೇ ಬಾಯಿಬಿಟ್ಟು ಕೇಳಿಕೊಂಡು ತಂದದ್ದೆಂಬ ಕಿರಿಕಿರಿ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಪಿಕ್ಸಿದಾ ಕೆಲಸ ಮಾಡುವ ರೀತಿ ಸರಳವಾಗಿತ್ತು. ಪ್ರತಿ ಮಗುವಿನ ಮುಂದೆ ಒಂದು ಟ್ಯಾಬ್ಲೆಟ್. ಶಿಕ್ಷಕಿಯ ಮೇಜಿನ ಮೇಲೆ ಒಂದು ಪರದೆ. ಪರದೆಯಲ್ಲಿ ಮಕ್ಕಳ ಹೆಸರು, ಹೆಸರಿನ ಪಕ್ಕ ಒಂದು ಚುಕ್ಕೆ. ಪಾಠ ತಲೆಗೆ ಹತ್ತುತ್ತಿದ್ದರೆ ಹಸಿರು, ಅಷ್ಟಕ್ಕಷ್ಟೇ ಆದರೆ ಹಳದಿ, ಕೈ ಹಿಡಿದು ನಡೆಸಬೇಕಾದರೆ ಕೆಂಪು. ಮಗು ಬರೆದ ಉತ್ತರ ನೋಡಿ ಮುಂದಿನ ಅಭ್ಯಾಸವನ್ನು ಯಂತ್ರವೇ ಆರಿಸಿ ಕೊಡುತ್ತಿತ್ತು. ವಾರಕ್ಕೊಮ್ಮೆ ಆ ಚುಕ್ಕೆ ತಂದೆತಾಯಿಯ ಫೋನಿಗೂ ಹೋಗುತ್ತಿತ್ತು. ಅಲ್ಬೇನಿಯಾದಿಂದ ಬಂದ ಗಾರೆಯವನ ಮಗ ಆರ್ಬೆನ್, ತರಗತಿಯಲ್ಲಿ ಎಂದೂ ಬಾಯಿ ತೆರೆಯದವನು, ಪರದೆಯ ಮೇಲೆ ಭಿನ್ನರಾಶಿಗಳನ್ನು ಒಂದರ ಹಿಂದೊಂದು ಬಿಡಿಸಿ ಎಸೆದಾಗ ಎವ್ದೊಕಿಯಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಇದನ್ನು ಹೇಳಲೇಬೇಕು. ಮುಂದೆ ಅವಳು ಆ ಯಂತ್ರದ ವಂಶಾವಳಿಯನ್ನೇ ಜಾಲಾಡಿದಳಾದರೂ ಅದರ ಬಗ್ಗೆ ಅವಳಿಗಿದ್ದದ್ದು ಬರೀ ಸಿಟ್ಟಲ್ಲ.

ತೊಂದರೆ ಬಂದದ್ದು ಅರ್ಗಿರೊ ಮೊರಾಯಿತಿಯಿಂದ. ಎವ್ದೊಕಿಯಾಳ ಐದನೆಯ ತರಗತಿಯಲ್ಲಿ ಆ ಹೆಸರಿನವರು ಇಬ್ಬರು. ಅವರ ತಂದೆಯರಾದ ಲೆಫ್ತೆರಿಸ್ ಮತ್ತು ಮಾರ್ಕೋಸ್ ಅಣ್ಣತಮ್ಮಂದಿರು. ಹಿರಿಯ ಲೆಫ್ತೆರಿಸ್ ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟಿ ಬಿಚ್ಚುವವನು, ಕಿರಿಯ ಮಾರ್ಕೋಸ್ ಬ್ರೆಡ್ ಸುಡುವವನು. ಇಬ್ಬರಿಗೂ ಮೊದಲು ಹುಟ್ಟಿದ್ದು ಹೆಣ್ಣು. ಮೊದಲ ಹೆಣ್ಣಿಗೆ ತನ್ನ ತಾಯಿಯ ಹೆಸರಿಡದ ಗಂಡಸು ಈ ದ್ವೀಪದಲ್ಲಿ ತಲೆಯೆತ್ತಿ ಓಡಾಡಲಾರ. ಹೀಗೆ ಒಂದೇ ಹೆಸರು, ಒಂದೇ ಮನೆತನದ ಹೆಸರು, ಒಂದೇ ಬೆಂಚು. ಇದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಒಬ್ಬಳು ಲೆಫ್ತೆರಿಸನ ಅರ್ಗಿರೊ, ಇನ್ನೊಬ್ಬಳು ಮಾರ್ಕೋಸನ ಅರ್ಗಿರೊ. ಈ ದೇಶದ ಯಾವ ದಾಖಲೆಯಲ್ಲೂ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರಿಗೊಂದು ಜಾಗ ಇದ್ದೇ ಇರುತ್ತದೆ. ಎಲ್ಲೋ ದೂರದ ದೇಶದಲ್ಲಿ ತಯಾರಾದ ಪಿಕ್ಸಿದಾದಲ್ಲಿ ಆ ಜಾಗವಿರಲಿಲ್ಲ.

ಮಾರ್ಕೋಸನ ಅರ್ಗಿರೊ ಚುರುಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುವ ಜಾತಿ. ಲೆಫ್ತೆರಿಸನ ಅರ್ಗಿರೊಗೆ ಅಕ್ಷರಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಕೇಳಿದ್ದನ್ನು ಇಡಿಯಾಗಿ ನೆನಪಿಟ್ಟುಕೊಂಡು, ಪುಸ್ತಕದ ಮೇಲೆ ಬೆರಳಾಡಿಸುತ್ತ ಓದಿದಂತೆ ನಟಿಸುವುದನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಅದನ್ನು ಕಂಡುಹಿಡಿಯಲು ಎವ್ದೊಕಿಯಾಗೇ ಒಂದು ವರ್ಷ ಹಿಡಿಯಿತು. ಅವಳಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂತು ಕಲಿಸುವ ಸಹಾಯಕ ಶಿಕ್ಷಕಿ. ಆರನೆಯ ತರಗತಿಯಲ್ಲಾದರೂ ಅದು ಸಿಗದಿದ್ದರೆ ಹುಡುಗಿ ಹೈಸ್ಕೂಲಿಗೆ ಹೋಗಿ ಮುಳುಗುವುದು ಖಚಿತವಿತ್ತು. ಅಂಥ ಶಿಕ್ಷಕಿಯನ್ನು ಕೊಡುವುದು ಮಕ್ಕಳ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುವ, ದೊಡ್ಡ ದ್ವೀಪದಲ್ಲಿರುವ ಪರೀಕ್ಷಾ ಕೇಂದ್ರ. ಮೊದಲಾದರೆ ಶಿಕ್ಷಕಿಯ ಮಾತೇ ಸಾಕಾಗುತ್ತಿತ್ತು. ಪ್ರಯೋಗಕ್ಕೆ ಸೇರಿದ ಶಾಲೆಗಳು ಮಾತ್ರ ಪಿಕ್ಸಿದಾದ ಚುಕ್ಕೆಯನ್ನೂ ಕಳಿಸಬೇಕಿತ್ತು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಪರದೆ ನೋಡಿದರೆ ಹದಿಮೂರೇ ಹೆಸರು. ಇಬ್ಬರು ಅರ್ಗಿರೊಗಳು ಒಬ್ಬಳಾಗಿದ್ದರು. ಎವ್ದೊಕಿಯಾ ಅಥೆನ್ಸಿಗೆ ಫೋನು ಮಾಡಿದಳು. ದ್ವೀಪಗಳ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದವನು ಫಿವೋಸ್ ಎಂಬ ಹುಡುಗ; ದನಿ ಮೃದು, ಆತುರವಿಲ್ಲ, ಯಾವುದಕ್ಕೂ ಸಿಟ್ಟಾಗುವವನಲ್ಲ. ಆ ಕಾರಣಕ್ಕೇ ಅವಳಿಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

"ಇಬ್ರು ಅಂತೀರಾ ಮೇಡಂ? ಇಲ್ಲಿ ಒಬ್ಳೇ ಕಾಣ್ತಿದಾಳೆ."

"ನಿಂಗೆ ಒಬ್ಳು ಕಾಣ್ತಾಳೆ. ನನ್ನ ಮುಂದೆ ಇಬ್ರು ಕೂತಿದಾರೆ. ಒಬ್ಳು ಮೂಗು ಒರೆಸ್ಕೋತಿದಾಳೆ, ಇನ್ನೊಬ್ಳು ಅವಳನ್ನ ನೋಡಿ ನಗ್ತಿದಾಳೆ. ಯಾರನ್ನ ನಂಬ್ಲಿ ಹೇಳು ನನ್ನಪ್ಪಾ."

ಒಂದೇ ತರಗತಿಯಲ್ಲಿ ಹೆಸರೂ ಮನೆತನವೂ ಒಂದೇ ಆಗಿದ್ದರೆ ಯಂತ್ರ ಅದನ್ನು ತಪ್ಪಾಗಿ ಎರಡು ಸಲ ಬರೆದದ್ದೆಂದು ತಿಳಿಯುತ್ತದೆ ಎಂದು ಫಿವೋಸ್ ವಿವರಿಸಿದ. ಹುಟ್ಟಿದ ದಿನ ಬೇರೆಯಿದೆಯಲ್ಲ ಎಂದು ಅವಳು ಕೇಳಿದ್ದಕ್ಕೆ, ದಿನ ಬರೆಯುವಾಗ ಜನ ತಪ್ಪು ಮಾಡುವುದು ಹೆಚ್ಚು, ಅದಕ್ಕೇ ಯಂತ್ರ ಹೆಸರನ್ನೇ ನಂಬುತ್ತದೆ ಎಂದ. ಎವ್ದೊಕಿಯಾ ಕೇಳಿದಳು.

"ನಿನ್ನ ಹೆಸರು ನಿಮ್ಮಜ್ಜಂದಾ?"

"ಇಲ್ಲ ಮೇಡಂ. ನಮ್ಮಮ್ಮಂಗೆ ಕೇಳೋಕೆ ಚೆನ್ನಾಗಿದೆ ಅನ್ನಿಸ್ತಂತೆ, ಇಟ್ರು."

"ಅದಕ್ಕೇ ಮತ್ತೆ."

ಫಿವೋಸ್ ಹೇಳಿದ ಉಪಾಯ ಹೆಸರಿನ ಮುಂದೆ ಒಂದೊಂದು ಅಕ್ಷರ ಸೇರಿಸುವುದು. ಇಲ್ಲೇ ಎವ್ದೊಕಿಯಾ ಎಡವಿದ್ದು. ಹೊರಗಿನಿಂದ ಬಂದ ಶಿಕ್ಷಕಿಯಾಗಿದ್ದರೆ ಕ್ಷಮಿಸಬಹುದಿತ್ತು, ಇವಳಿಗೆ ತಿಳಿದಿರಬೇಕಾಗಿತ್ತು. ಇವಳ ಹೆಸರಿನವಳೇ ಆದ ಚಿಕ್ಕಪ್ಪನ ಮಗಳು ಅದೇ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಇವಳಿಗೆ ಬಂದ ಪಾರ್ಸೆಲ್ಲುಗಳನ್ನೆಲ್ಲ ಒಡೆದು ನೋಡಿ ಕಳಿಸುತ್ತಿದ್ದಳು. ಆದರೂ ಆ ದಿನ ಅವಸರದಲ್ಲಿ ಲೆಫ್ತೆರಿಸನ ಮಗಳಿಗೆ 'ಎ' ಎಂದೂ ಮಾರ್ಕೋಸನ ಮಗಳಿಗೆ 'ಬಿ' ಎಂದೂ ಹಾಕಿ, ಹದಿನಾಲ್ಕು ಹೆಸರು ಕಂಡಿದ್ದೇ ಸಮಾಧಾನಪಟ್ಟು ಮನೆಗೆ ಹೋದಳು. ಕೆಲವು ದಿನ ಎಲ್ಲ ಸರಿಹೋಯಿತು. ಒಬ್ಬಳ ಚುಕ್ಕೆ ಹಸಿರು, ಇನ್ನೊಬ್ಬಳದು ಕೆಂಪು. ಹೇಗಿರಬೇಕೋ ಹಾಗೆ.

ನವೆಂಬರಿನ ಮೊದಲ ದಿನ ಸಂತರ ದಿನ, ಅರ್ಗಿರೊ ಹೆಸರಿನವರಿಗೆಲ್ಲ ಹಬ್ಬ. ಅಜ್ಜಿ, ಇಬ್ಬರು ಮೊಮ್ಮಕ್ಕಳು, ಮೂವರ ಹೆಸರಿಗೂ ಒಂದೇ ಔತಣ. ಮಾರ್ಕೋಸ್ ದೊಡ್ಡ ತಟ್ಟೆಯ ತುಂಬ ಹಾಲಿನ ಕೆನೆಯ ಸಿಹಿ ಮಾಡಿದ್ದ. ಹೆಡ್‌ಮಾಸ್ತರೂ ಎವ್ದೊಕಿಯಾಳೂ ಹೋಗಿದ್ದರು. ಮೊದಲ ತುಂಡು ಯಾರಿಗೆಂದು ಯಾರೋ ಕೇಳಿದಾಗ ಮಾರ್ಕೋಸ್ ಚಾಕು ಹಿಡಿದುಕೊಂಡೇ, "'ಎ'ಗೆ ಕೊಡಿ, ನಮ್ಮನೇದು 'ಬಿ' ಅಲ್ವಾ, ಉಳಿದಿದ್ದು ತಿನ್ಕೊಳ್ಳುತ್ತೆ" ಎಂದ. ನಗು ಬರಲಿಲ್ಲ. ತನ್ನ ಮಗಳ ದೀಕ್ಷಾಸ್ನಾನ ಮೊದಲಾದದ್ದು, ಚರ್ಚಿನಲ್ಲಿ ಅಮ್ಮನ ಹೆಸರು ಮೊದಲು ಕೂಗಿದ್ದು ತನ್ನ ಮಗಳಿಗೆ, ಅಂಥವಳು ಎರಡನೆಯವಳು ಹೇಗಾದಳು ಎಂಬುದು ಅವನ ವಾದ. ಹಿರಿಮಗ ತಾನಿರುವಾಗ ತಾಯಿಯ ಹೆಸರಿನ ಮೊದಲ ಹಕ್ಕು ತನ್ನ ಮಗಳದೇ, ದೀಕ್ಷಾಸ್ನಾನ ತಡವಾದದ್ದು ಪಾದ್ರಿಗೆ ಸೊಂಟ ಹಿಡಿದದ್ದರಿಂದ ಎಂದು ಲೆಫ್ತೆರಿಸ್. ಹಳೆಯ ದೋಣಿಯ ಪಾಲು, ಅಪ್ಪನ ಕೈಗಡಿಯಾರ, ಎಲ್ಲ ಮೇಜಿನ ಮೇಲೆ ಬಂದವು. ಕೊನೆಗೆ ಮೂಲೆಯ ಕುರ್ಚಿಯಿಂದ ಯಾಯಾ ಅರ್ಗಿರೊ, ಎಲ್ಲರ ಅಜ್ಜಿ, ಕೋಲು ಕುಟ್ಟಿದಳು.

"ಮೊದಲ್ನೇ ಅರ್ಗಿರೊ ನಾನು ಕಣ್ರೋ. ನಾನಿನ್ನೂ ಸತ್ತಿಲ್ಲ." ಆಮೇಲೆ ಎವ್ದೊಕಿಯಾ ಕಡೆ ತಿರುಗಿ, "ನೀನು ಈ ಊರಲ್ಲೇ ಹುಟ್ಟಿದೋಳಲ್ವೇನೇ? ಕುರಿಗೆ ಗುರುತು ಹಾಕ್ದಂಗೆ ನನ್ನ ಹೆಸರಿಗೆ ಗುರುತು ಹಾಕ್ತೀಯಲ್ಲ."

ಬಾಯಲ್ಲಿ ಸಿಹಿ ತುಂಬಿಕೊಂಡಿದ್ದ ಹೆಡ್‌ಮಾಸ್ತರ್ ಎರಡೂ ಅಕ್ಷರ ತೆಗೆಸುವುದಾಗಿ ಅಲ್ಲೇ ಮಾತು ಕೊಟ್ಟರು. ಮರುದಿನ ಎವ್ದೊಕಿಯಾ ಬರುವ ಮೊದಲೇ ಪರದೆಯ ಮುಂದೆ ಕೂತು ತೆಗೆದೂ ಬಿಟ್ಟರು. ಇವೆರಡು ಒಂದೇ ಮಗುವಿನ ದಾಖಲೆಯೇ, ಕಾಯಂ ಆಗಿ ಸೇರಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತದೆ ಅದು ಮುಂದೆ ಬಿಡುವಂತಿರಲಿಲ್ಲ, ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು, ಅವರು ಒತ್ತಿದರು. ಕುಟುಂಬದಲ್ಲಿ ಶಾಂತಿ ನೆಲೆಸಿತು.

ಚಳಿಗಾಲವೆಲ್ಲ ಯಂತ್ರದೊಳಗಿನ ಆ ಒಬ್ಬ ಅರ್ಗಿರೊ ಇಬ್ಬರ ಕೈಯಲ್ಲಿ ಬೆಳೆದಳು. ಮಾರ್ಕೋಸನ ಅರ್ಗಿರೊ ಬೆಳಗಿನ ಪಾಠವನ್ನು ಚಕಚಕನೆ ಮುಗಿಸಿದರೆ, ಅದನ್ನು ಮೆಚ್ಚಿಕೊಂಡ ಯಂತ್ರ ಮುಂದಿನ ಪಾಠವಾಗಿ ಲೆಫ್ತೆರಿಸನ ಅರ್ಗಿರೊ ಮುಂದೆ ವಕೀಲರೂ ತಡವರಿಸುವಂಥ ಗದ್ಯಭಾಗವನ್ನು ತೆರೆಯುತ್ತಿತ್ತು. ಅವಳು ಅದರ ಮುಂದೆ ಕಲ್ಲಿನಂತೆ ಕೂತರೆ, ಮಗು ಬಳಲಿದೆಯೆಂದು ಕನಿಕರಪಟ್ಟು ಇನ್ನೊಬ್ಬಳಿಗೆ ಬಾತುಕೋಳಿಗಳನ್ನು ಎಣಿಸಲು ಕೊಡುತ್ತಿತ್ತು. ಒಬ್ಬಳು ಹತ್ತಿದ ಮೆಟ್ಟಿಲನ್ನು ಇನ್ನೊಬ್ಬಳು ಇಳಿದು, ವಾರದ ಕೊನೆಗೆ ಚುಕ್ಕೆ ಹಳದಿಯಲ್ಲಿ ನಿಲ್ಲುತ್ತಿತ್ತು. ಒಬ್ಬಳಿಗೆ ಮಾತ್ರ ಕೈಯಾರೆ ಬೇರೆ ಅಭ್ಯಾಸ ಕಳಿಸಲು ಎವ್ದೊಕಿಯಾ ಪ್ರಯತ್ನಿಸಿದಳು. ಅದು ಇಬ್ಬರಿಗೂ ಹೋಯಿತು. ಒಬ್ಬಳ ಟ್ಯಾಬ್ಲೆಟ್ಟಿಗೆ ಬೀಗ ಹಾಕಿದಳು, ಎರಡೂ ಮುಚ್ಚಿಕೊಂಡವು. ಫಿವೋಸನಿಗೆ ಫೋನು ಮಾಡುವುದು ಅವಳಿಗೆ ಹಲ್ಲುಜ್ಜುವಷ್ಟು ರೂಢಿಯಾಯಿತು. ಒಂದಾದ ಮಕ್ಕಳನ್ನು ವರ್ಷದ ನಡುವೆ ಬಿಡಿಸಲು ಬರುವುದಿಲ್ಲ ಮೇಡಂ ಎಂಬ ಅದೇ ಉತ್ತರ, ಅದೇ ಮೃದುವಾದ ದನಿ. ದೇವರು ಎರಡು ಹೊಟ್ಟೆಯಿಂದ ಎರಡಾಗಿ ಕಳಿಸಿದ್ದನ್ನು ನೀವು ಒಂದು ಬೆರಳಲ್ಲಿ ಒಂದು ಮಾಡುತ್ತೀರಿ, ಬಿಡಿಸಲು ಮಾತ್ರ ಜೂನ್ ಬರಬೇಕು ಎಂದು ಅವಳು ಒಮ್ಮೆ ರೇಗಿದಳು. ಅದು ನಿಜ ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡವನ ಜೊತೆ ಜಗಳವಾಡುವುದಾದರೂ ಹೇಗೆ?

ಲೆಫ್ತೆರಿಸನ ಅರ್ಗಿರೊಗಾಗಿ ಎವ್ದೊಕಿಯಾ ಹಾಕಿದ್ದ ಅರ್ಜಿಗೆ ಮಾರ್ಚಿನಲ್ಲಿ ಪರೀಕ್ಷಾ ಕೇಂದ್ರದ ಉತ್ತರ ಬಂತು. ಅರ್ಗಿರೊ ಮೊರಾಯಿತಿಯ ಚುಕ್ಕೆ ಹಳದಿ. ಕೆಂಪು ಚುಕ್ಕೆಯ ಮಕ್ಕಳೇ ಸಾಲಿನಲ್ಲಿ ಕಾದಿದ್ದಾರೆ. ಸಹಾಯಕ ಶಿಕ್ಷಕಿಯ ಅಗತ್ಯ ಕಂಡುಬಂದಿಲ್ಲ. ಮರುವಿಚಾರಣೆ ಕೋರಬಹುದು, ಅದಕ್ಕೆ ತಂದೆಯ ಒಪ್ಪಿಗೆ ಬೇಕು, ವರ್ಷದ ಕೊನೆಯ ವಾರಗಳ ಚುಕ್ಕೆಯನ್ನು ನೋಡಿ ತೀರ್ಮಾನವಾಗುತ್ತದೆ.

ಎವ್ದೊಕಿಯಾ ನೇರವಾಗಿ ಹಡಗುಕಟ್ಟೆಗೆ ಹೋಗಿ ಲೆಫ್ತೆರಿಸನನ್ನು ಹಿಡಿದಳು. ಅವನು ಕಬ್ಬಿಣದ ಗೂಟದ ಮೇಲೆ ಕೂತು ಹಗ್ಗದ ಗಂಟು ಸರಿಮಾಡುತ್ತಿದ್ದ. ಅವಳ ಮಾತು ಮುಗಿಯುವವರೆಗೂ ಕೇಳಿ, ಫೋನು ತೆಗೆದು ಹಳದಿ ಚುಕ್ಕೆ ತೋರಿಸಿದ.

"ಮೆಷಿನ್ನೇ ಹೇಳ್ತಿದೆಯಲ್ಲ ದಸ್ಕಾಲಾ, ಹುಡುಗಿ ಪರವಾಗಿಲ್ಲ ಅಂತ. ಇಲ್ಲ ಅಂತಿರೋದು ನೀವೊಬ್ರೇ."

ದಸ್ಕಾಲಾ ಎಂಬುದು ಊರವರು ಶಿಕ್ಷಕಿಯನ್ನು ಕರೆಯುವ ಹೆಸರು. ಅದರಲ್ಲಿ ಗೌರವವಿದೆ, ಬೇಕಾದಾಗ ಚುಚ್ಚು ಕೂಡ. ಇಬ್ಬರನ್ನು ಕೂಡಿಸಿ ಅರ್ಧ ಮಾಡಿದರೆ ಬರುವ ಚುಕ್ಕೆ ಅದು ಎಂದು ಅವಳು ಎಷ್ಟು ಬಿಡಿಸಿ ಹೇಳಿದರೂ ಲೆಫ್ತೆರಿಸ್ ತಲೆಯೆತ್ತಲಿಲ್ಲ. ಶಾಲೆಯಲ್ಲಿ ಅವನು ಕೊನೆಯ ಬೆಂಚಿನವನಾಗಿದ್ದ. ಹಡಗುಗಳನ್ನು ಇವತ್ತಿಗೂ ಹೊಗೆಕೊಳವೆಯ ಬಣ್ಣದಿಂದ ಗುರುತಿಸುತ್ತಾನೆಯೇ ಹೊರತು ಹೆಸರು ಓದುವ ಗೋಜಿಗೆ ಹೋಗುವುದಿಲ್ಲ. ಮಗಳ ಬಗ್ಗೆ ಶಾಲೆಯಿಂದ ಅವನಿಗೆ ಬಂದ ಮೊದಲ ಒಳ್ಳೆಯ ಸುದ್ದಿ ಆ ಹಳದಿ ಚುಕ್ಕೆ. ಅದನ್ನು ಅವನು ಬಂದರಿನಲ್ಲಿ ನಾಲ್ಕು ಜನಕ್ಕೆ ತೋರಿಸಿಯೂ ಆಗಿತ್ತು. ಇದನ್ನು ಅರಿತ ಮೇಲೆ ಎವ್ದೊಕಿಯಾಳ ಸಿಟ್ಟಿಗೆ ಹೋಗಲು ಜಾಗವೇ ಇಲ್ಲದಂತಾಗಿ, ಆ ವಾರವೆಲ್ಲ ಅದು ತರಗತಿಯ ಬಾಗಿಲುಗಳ ಮೇಲೆ ತೀರಿತು.

ಮೇ ತಿಂಗಳಲ್ಲಿ ಫಿವೋಸನೇ ಬಂದ. ಪ್ರಯೋಗ ಹೇಗೆ ನಡೆದಿದೆಯೆಂದು ನೋಡಿ, ಸಂಜೆ ಅದೇ ಹಡಗು ಮರಳುವಾಗ ಹೊರಡುವುದೆಂದು ನಿಶ್ಚಯವಾಗಿತ್ತು. ತೆಳ್ಳಗಿನ ಮೈ, ಕುರುಚಲು ಗಡ್ಡ, ಸಮುದ್ರಯಾನದಿಂದ ಹಸಿರಾದ ಮುಖ. ಎವ್ದೊಕಿಯಾ ಅವನಿಗೆ ನೀರೂ ಕೊಡದೆ ಐದನೆಯ ತರಗತಿಗೆ ಕರೆದೊಯ್ದು ಮೊದಲ ಬೆಂಚಿನ ಮುಂದೆ ನಿಲ್ಲಿಸಿದಳು.

ಅವನು ಒಬ್ಬಳನ್ನು ನೋಡಿದ. ಇನ್ನೊಬ್ಬಳನ್ನು ನೋಡಿದ. "ಇಬ್ರಿದಾರೆ" ಎಂದ.

"ಅಕ್ಟೋಬರಿಂದ ನಾನು ಬಡ್ಕೋತಿರೋದು ಅದನ್ನೇ."

ಫಿವೋಸ್ ಕೆಟ್ಟವನಲ್ಲ. ಇಬ್ಬರ ಪಕ್ಕದಲ್ಲೂ ಬಹಳ ಹೊತ್ತು ಕೂತ. ಒಬ್ಬಳು ಬಾತುಕೋಳಿ ಎಣಿಸುತ್ತ ಆಕಳಿಸುವುದನ್ನು, ಇನ್ನೊಬ್ಬಳು ಓದಲಾರದ ಸಾಲಿನ ಮೇಲೆ ಬೆರಳಾಡಿಸುವುದನ್ನು ನೋಡಿದ. ಆಮೇಲೆ ಶಿಕ್ಷಕರ ಕೋಣೆಯಲ್ಲಿ ಇರುವ ದಾರಿಯನ್ನು ಹೇಳಿದ. ಸೇರಿಹೋದ ಹೆಸರನ್ನು ಬಿಡಿಸುವುದು ಅವನ ಕೈಯಲ್ಲಿಲ್ಲ; ಆದರೆ ಒಂದು ಟ್ಯಾಬ್ಲೆಟ್ಟನ್ನು ವಾಪಸು ತೆಗೆದುಕೊಂಡು ಹೋಗಬಹುದು. ಮಾರ್ಕೋಸನ ಅರ್ಗಿರೊಳ ಟ್ಯಾಬ್ಲೆಟ್ ಇವತ್ತೇ ತನ್ನ ಜೊತೆ ಹೊರಟರೆ ಪಿಕ್ಸಿದಾದಲ್ಲಿ ಉಳಿಯುವುದು ಲೆಫ್ತೆರಿಸನ ಅರ್ಗಿರೊ ಒಬ್ಬಳೇ. ಇನ್ನುಳಿದ ವಾರಗಳಲ್ಲಿ ಚುಕ್ಕೆ ತಾನಾಗಿ ನಿಜವಾದ ಬಣ್ಣಕ್ಕೆ ಇಳಿಯುತ್ತದೆ, ಮರುವಿಚಾರಣೆಗೆ ಅಷ್ಟು ಸಾಕು. ಇನ್ನೊಬ್ಬಳು ಯಂತ್ರದ ಲೆಕ್ಕದಲ್ಲಿ ಇರುವುದೇ ಇಲ್ಲ.

ಇಬ್ಬರು ತಂದೆಯರಿಗೂ ಹೇಳಿ ಕಳಿಸಿದರು. ಮಾರ್ಕೋಸ್ ಕೈಗೆ ಮೆತ್ತಿದ ಹಿಟ್ಟಿನಲ್ಲೇ ಬಂದು, ವಿಷಯ ಕೇಳಿ, ಆ ದರಿದ್ರ ಬಾತುಕೋಳಿಗಳು ತನ್ನ ಮನೆಯಿಂದ ತೊಲಗಿದರೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತೇನೆ ಎಂದ. ಮಗಳಿಗೆ ಸೀಮೆಸುಣ್ಣದಲ್ಲೇ ಕಲಿಸಿದರೂ ತನ್ನ ಅಭ್ಯಂತರವಿಲ್ಲ. ಲೆಫ್ತೆರಿಸ್ ಬಾಗಿಲಲ್ಲೇ ನಿಂತಿದ್ದ. ಯಾರೂ ಏನೂ ತೆಗೆದುಕೊಂಡು ಹೋಗುವುದು ಬೇಡ, ಇರುವುದು ಇದ್ದ ಹಾಗೇ ಇರಲಿ ಎಂದ. ಮಗಳ ಹೆಸರಿನ ಮುಂದೆ ಕೆಂಪು ಹಚ್ಚಿ ಊರಿಗೆಲ್ಲ ತೋರಿಸುವ ಹಟ ನಿಮಗ್ಯಾಕೆ ಎಂದು ಎವ್ದೊಕಿಯಾಳನ್ನು ಕೇಳಿದ. ಅವಳು ಉತ್ತರ ಕೊಡುವ ಮೊದಲೇ ಅವನ ಹಿಂದಿನಿಂದ, ಜಗಲಿಯ ಕಡೆಯಿಂದ ದನಿ ಬಂತು. ಅವನ ಮಗಳು ಅರ್ಗಿರೊ ಟ್ಯಾಬ್ಲೆಟ್ಟನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದಳೋ.

"ಅಪ್ಪಾ, ಆ ಹಳದಿ ನಂದಲ್ಲ" ಎಂದಳು. "ಹಸಿರು ಅವಳ್ದು. ನಂದು ಕೆಂಪು. ಹಳದಿ ಯಾರ್ದೂ ಅಲ್ಲ."

ಲೆಫ್ತೆರಿಸ್ ಅವಳನ್ನೇ ನೋಡಿದ. ಆಗ ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಹಗ್ಗ ಹಿಡಿಯಬೇಕು, ಹೊತ್ತಾಯಿತು ಎಂದಷ್ಟೇ ಹೇಳಿ ಇಳಿದು ಹೋದ.

ಒಪ್ಪಿಗೆಯಿಲ್ಲದೆ ಟ್ಯಾಬ್ಲೆಟ್ ಒಯ್ದು ಪ್ರಯೋಜನವಿಲ್ಲ ಎಂದು ಫಿವೋಸ್ ತನ್ನ ಚೀಲ ಹೆಗಲಿಗೇರಿಸಿದ. ಎವ್ದೊಕಿಯಾ ಮಾರ್ಕೋಸನ ಅರ್ಗಿರೊಳ ಟ್ಯಾಬ್ಲೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅವನ ಹಿಂದೆಯೇ ನಡೆದಳು. ಫಿವೋಸ್ ದಾರಿಯಲ್ಲಿ ಕಾಫಿ ಕೊಂಡ. ಹಡಗಿನ ಇಳಿಜಾರು ಹಲಗೆಯ ಮೇಲೆ ಹತ್ತಿ, ಲೋಟ ಹಿಡಿದು, ಬೀಳ್ಕೊಡುವವನಂತೆ ತಿರುಗಿ ನಿಂತ. ಕಾರುಗಳು ಇಳಿದವು, ಕಾರುಗಳು ಹತ್ತಿದವು. ಲೆಫ್ತೆರಿಸ್ ಒಂದು ಹಗ್ಗ ಬಿಚ್ಚಿ ನೀರಿಗೆ ಬಿಟ್ಟ. ಎರಡನೆಯದರ ಮೇಲೆ ಕೈಯಿಟ್ಟವನು ಹಾಗೇ ನಿಂತ. ಮೇಲಿನಿಂದ ಧ್ವನಿವರ್ಧಕದಲ್ಲಿ ಕಪ್ತಾನ, ಬಂದರಿನವನಿಗೆ ನಿದ್ದೆ ಬಂದಿದೆಯೇ, ತಾನೇ ಇಳಿದು ಬಂದು ಬಿಚ್ಚಿಕೊಳ್ಳಬೇಕೇ ಎಂದು ವಿಚಾರಿಸಿದ. ಕಾಫಿ ಅಂಗಡಿಯ ಮೇಜುಗಳೆಲ್ಲ ಈ ಕಡೆ ತಿರುಗಿದವು. ಹಲಗೆ ಕಿರುಗುಟ್ಟುತ್ತ ಏಳತೊಡಗಿತು. ಲೆಫ್ತೆರಿಸ್ ಎವ್ದೊಕಿಯಾ ಕಡೆ ನೋಡದೆಯೇ ಹೇಳಿದ.

"ಆಯ್ತು, ನಾನೊಪ್ಪಿದೀನಿ. ಕೊಟ್ಬಿಡಿ ದಸ್ಕಾಲಾ. ಅವಳಿಗೆ ಓದೋಕೆ ಬರ್ಲಿ."

ಹಗ್ಗ ಗೂಟದಿಂದ ಜಾರಿತು. ಹಲಗೆಗೂ ಕಟ್ಟೆಗೂ ನಡುವೆ ನೀರು ಬಾಯಿಬಿಟ್ಟಿತ್ತು. ಎವ್ದೊಕಿಯಾ ಎಸೆದಳು. ಫಿವೋಸ್ ಎರಡೂ ಕೈ ಚಾಚಬೇಕಾದ್ದರಿಂದ ಲೋಟ ಬಿಟ್ಟ. ಕಾಫಿ ಅಂಗಡಿಯವರ ಕಣ್ಣಿಗೆ ಬಿದ್ದದ್ದು ಎಸೆದ ಕೈ, ಕಿವಿಗೆ ಬಿದ್ದದ್ದು ನೀರಿನ ಸದ್ದು. ಉಳಿದದ್ದನ್ನು ಅವರೇ ತುಂಬಿಕೊಂಡರು.

ಮರುವಿಚಾರಣೆಯಲ್ಲಿ ಅರ್ಗಿರೊ ಮೊರಾಯಿತಿಯ ಚುಕ್ಕೆ ಕೆಂಪಗಿತ್ತು. ಸೆಪ್ಟೆಂಬರಿನಲ್ಲಿ ಕೊಜಾನಿಯಿಂದ ದೋಮ್ನಾ ಎಂಬ ಸಹಾಯಕ ಶಿಕ್ಷಕಿ ಬಂದಿದ್ದಾಳೆ; ವಾರದಲ್ಲಿ ಮೂರು ದಿನ ಇಲ್ಲಿ, ಉಳಿದ ದಿನ ಪಕ್ಕದ ದ್ವೀಪದಲ್ಲಿ, ಗಾಳಿ ಜೋರಾದರೆ ಎಲ್ಲಿ ಸಿಕ್ಕಿಹಾಕಿಕೊಂಡಿರುತ್ತಾಳೋ ಅಲ್ಲಿ. ಲೆಫ್ತೆರಿಸನ ಅರ್ಗಿರೊ ಈಗ ಒಂದು ಪುಟವನ್ನು ಬೆರಳಿಟ್ಟು ನಿಧಾನವಾಗಿ, ನಟಿಸದೆ ಓದುತ್ತಾಳೆ. ಎರಡನೆಯ ಪುಟಕ್ಕೆ ದಣಿಯುತ್ತಾಳೆ. ಮಾರ್ಕೋಸನ ಅರ್ಗಿರೊಗೆ ಟ್ಯಾಬ್ಲೆಟ್ ಮರಳಿ ಬಂದಿಲ್ಲ. ಅವಳ ಅಭ್ಯಾಸಗಳನ್ನು ಎವ್ದೊಕಿಯಾ ಕೈಯಲ್ಲೇ ಬರೆದು ಕೊಡುತ್ತಾಳೆ, ಬೈಯುತ್ತ. ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ, ಪರದೆಯಲ್ಲಿ ಹದಿಮೂರು. ಈಗ ಬಿಡಿಸಿ ಬರೆದರೂ ಯಂತ್ರ ಒಂದೇ ಹೆಸರನ್ನು ಮತ್ತೆ ಒಂದು ಮಾಡುತ್ತದೆ; ತಂದೆಯ ಹೆಸರಿಗೆ ಜಾಗ ಮಾಡಿಕೊಡುವುದಾಗಿ ಫಿವೋಸ್ ಹೇಳಿದ್ದಾನೆ. ಇನ್ನೂ ಆಗಿಲ್ಲ.